ಹಳೆಯ ಮ್ಯಾನಿಫೋಲ್ಡ್, ಹೊಸ ಟರ್ಬೊ

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದನು. ಇಂದು ಸಾಧಾರಣ ಕಾರುಗಳಿಗೂ ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿರುವುದರಿಂದ, ಅದನ್ನು ತೆಗೆದು ಇನ್ನೂ ದೊಡ್ಡದನ್ನು ಜೋಡಿಸಿದರೆ ಶಕ್ತಿ ಹೆಚ್ಚೀತೆಂಬ ಆಸೆ ಕಾರುಪ್ರಿಯರಲ್ಲಿ ಹುಟ್ಟುವುದು ಸಹಜ. ಆದರೆ ಎಷ್ಟು ದೊಡ್ಡದನ್ನು ಜೋಡಿಸಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಾರಿನಲ್ಲಿ ಮೊದಲೇ ಇರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್.

ಪ್ರತಿ ಸಿಲಿಂಡರಿನ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊದ ಬಾಯಿಗೆ ತಲುಪಿಸುವ ಎರಕದ ಕೊಳವೆಗೆ ಈ ಹೆಸರು. ಕಂಪನಿಯ ಎರಕದ ಮ್ಯಾನಿಫೋಲ್ಡ್ ನೋಡಲು ಒರಟಾದರೂ ಶಾಖಕ್ಕೆ ಸುಲಭವಾಗಿ ಬಿರುಕು ಬಿಡದೆ ವರ್ಷಗಟ್ಟಲೆ ಬಾಳುತ್ತದೆ, ಆದ್ದರಿಂದ ಅದನ್ನು ಉಳಿಸಿಕೊಳ್ಳುವುದು ಜಿಪುಣತನವೆಂದು ಭಾವಿಸಬೇಕಾಗಿಲ್ಲ. ಕೆಲವು ಎಂಜಿನ್‌ಗಳಲ್ಲಿ ಬೇರೆ ದಾರಿಯೂ ಇಲ್ಲ: ಫೋಕ್ಸ್‌ವ್ಯಾಗನ್ ಪೋಲೊದ 1.0 ಟಿಎಸ್ಐ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಎರಕಗೊಂಡಿದ್ದು, ಅದನ್ನು ಬಿಚ್ಚುವ ಮಾತೇ ಬರುವುದಿಲ್ಲ. ಇಂಥಲ್ಲಿ ಹೊಸ ಟರ್ಬೊದ ಫ್ಲಾಂಜ್, ಅಂದರೆ ಬೋಲ್ಟುಗಳಿಂದ ಬಿಗಿಯುವ ಚಪ್ಪಟೆ ಮುಖ, ಹಳೆಯದಕ್ಕೆ ಕರಾರುವಾಕ್ಕಾಗಿ ಹೊಂದಬೇಕು. ಇಲ್ಲವೇ ಹಳೆಯ ಕವಚವನ್ನೇ ಉಳಿಸಿಕೊಂಡು, ಒಳಗಿನ ಚಕ್ರಗಳನ್ನು ಮಾತ್ರ ದೊಡ್ಡದಾಗಿಸಿದ ಹೈಬ್ರಿಡ್ ಟರ್ಬೊವನ್ನು ಆರಿಸಬೇಕು. ನಾಲ್ಕು ಸಿಲಿಂಡರುಗಳ ಹೊಗೆ ಒಂದೇ ಕೊಠಡಿಯಲ್ಲಿ ಬೆರೆಯುವ ಮ್ಯಾನಿಫೋಲ್ಡಿಗೆ, ಎರಡು ಪ್ರತ್ಯೇಕ ಬಾಯಿಗಳುಳ್ಳ ಟ್ವಿನ್ ಸ್ಕ್ರೋಲ್ ಟರ್ಬೊ ಜೋಡಿಸುವುದು ಹಣ ಪೋಲು ಮಾಡುವ ಕೆಲಸ. ಹೊಗೆಯ ಬಡಿತಗಳನ್ನು ಬೇರೆಬೇರೆಯಾಗಿ ಇಡುವುದೇ ಅದರ ಲಾಭ, ಅವು ಆ ಬಾಯಿಗಳನ್ನು ತಲುಪುವ ಮೊದಲೇ ಬೆರೆತಿರುತ್ತವೆ.

ಯೋಜನೆಯ ತಿರುಳಿರುವುದು ಹಿಮ್ಮುಖ ಒತ್ತಡದಲ್ಲಿ. ಟರ್ಬೈನ್ ಚಕ್ರ ತಿರುಗಬೇಕಾದರೆ ಅದರ ಹಿಂದೆ ಹೊಗೆ ಕಟ್ಟಿಕೊಳ್ಳಲೇಬೇಕು, ಆದರೆ ಇಕ್ಕಟ್ಟಾದ ಮ್ಯಾನಿಫೋಲ್ಡಿನಲ್ಲಿ ಆ ಒತ್ತಡ, ಎಂಜಿನ್ನಿಗೆ ತುಂಬುತ್ತಿರುವ ಗಾಳಿಯ ಒತ್ತಡದ ಎರಡು ಪಟ್ಟನ್ನೂ ಮೀರಿದರೆ, ಉರಿದ ಅನಿಲ ಸಿಲಿಂಡರಿನಲ್ಲೇ ಉಳಿದು ಹೊಸ ಗಾಳಿಗೆ ಜಾಗ ಕೊಡುವುದಿಲ್ಲ; ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಇಂಧನ ಹೊತ್ತಿಗೆ ಮೊದಲೇ ಸಿಡಿಯುವ ನಾಕಿಂಗ್‌ಗೆ ಕಾರಣವಾಗಿ ಪಿಸ್ಟನ್ನನ್ನೇ ಕೆಡಿಸುತ್ತದೆ. ಹಾಗಾಗಿ ಬಲ್ಲ ಮೆಕ್ಯಾನಿಕ್ ಯಾವುದನ್ನೂ ಕೊಳ್ಳುವ ಮೊದಲು ಮ್ಯಾನಿಫೋಲ್ಡಿಗೆ ಸಣ್ಣ ರಂಧ್ರ ಕೊರೆದು, ಲೋಹದ ನಳಿಗೆಯ ಮೂಲಕ ಮಾಪಕ ಜೋಡಿಸಿ, ಈಗಿರುವ ಒತ್ತಡವನ್ನೇ ಅಳೆಯುತ್ತಾನೆ. ಪೆಟ್ರೋಲ್ ಎಂಜಿನ್ನಿಗೆ ನಿಮಿಷಕ್ಕೆ ಒಂದು ಕಿಲೋ ಗಾಳಿ ಸುಮಾರು 21 ಅಶ್ವಶಕ್ತಿಗೆ ಸಾಕೆಂಬ ಸ್ಥೂಲ ಲೆಕ್ಕದಂತೆ, 110ರಿಂದ 150 ಅಶ್ವಶಕ್ತಿಗೆ ಏರಲು ಸುಮಾರು 7 ಕಿಲೋ ಗಾಳಿ ಬೇಕು. ಅಷ್ಟೂ ಗಾಳಿ ಹೊಗೆಯಾಗಿ ಅದೇ ಹಳೆಯ ಕೊಳವೆಯಲ್ಲಿ ಹಾಯಬೇಕು.

ಮೈಸೂರಿನವರಿಗೆ ಇದರ ಜೊತೆಗೆ ಎತ್ತರದ ಲೆಕ್ಕವೂ ಸೇರುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲಿರುವ ಚಾಮರಾಜಪುರಂನಂಥ ಬಡಾವಣೆಯಲ್ಲಿ ವಾಯುಒತ್ತಡ 0.92 ಬಾರ್‌ನಷ್ಟು, ಎಂಜಿನ್ನಿಗೆ ಒಟ್ಟು 2 ಬಾರ್ ತುಂಬಬೇಕಾದರೆ ಗಾಳಿ ಒತ್ತುವ ಚಕ್ರವಾದ ಕಂಪ್ರೆಸರ್ ಕಡಲತೀರದ ಮಂಗಳೂರಿನಲ್ಲಿ ಗಾಳಿಯನ್ನು ಎರಡು ಪಟ್ಟಿಗಿಂತ ಕೊಂಚ ಕಡಿಮೆ ಒತ್ತಿದರೆ ಸಾಲುತ್ತದೆ, ಮೈಸೂರಿನಲ್ಲಿ 2.17 ಪಟ್ಟು ಒತ್ತಬೇಕು. ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಮೂಲಕ ಊಟಿಗೆ ಏರುವ ಕಾರಿಗೆ 2,240 ಮೀಟರ್ ಎತ್ತರದಲ್ಲಿ ಇದು 2.6 ಪಟ್ಟಾಗುತ್ತದೆ. ಅಷ್ಟು ಒತ್ತಲು ಚಕ್ರ ಇನ್ನೂ ವೇಗವಾಗಿ ತಿರುಗಬೇಕು. ಚಿಕ್ಕ ಟರ್ಬೊಗಳ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತು ಮೀರುವುದು ಸಾಮಾನ್ಯವಾದ್ದರಿಂದ, ಮಿತಿಗೆ ತೀರ ಹತ್ತಿರದ ಟರ್ಬೊ ಊರೊಳಗೆ ಚೆನ್ನಾಗಿ ಓಡಿ ಘಾಟಿಯಲ್ಲಿ ಮುರಿಯಬಹುದು.

ಟರ್ಬೊ ಬದಲಾವಣೆ ದೊಡ್ಡ ಪ್ರಮಾಣದಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಭಾರತೀಯ ರೈಲ್ವೆಯೇ ಉದಾಹರಣೆ. 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಡೀಸೆಲ್ ಲೋಕೋಗಳನ್ನು 3,100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಆಗಿ ಪರಿವರ್ತಿಸುವಾಗ ಪಟಿಯಾಲದ ಕಾರ್ಖಾನೆ ಹೆಚ್ಚು ದಕ್ಷ ಟರ್ಬೊವನ್ನಷ್ಟೇ ಕೂರಿಸಿ ಕೈತೊಳೆದುಕೊಳ್ಳಲಿಲ್ಲ. ಇಂಧನ ಪಂಪು ಹಿಗ್ಗಿತು, ಒತ್ತಿದ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ದೊಡ್ಡದಾಯಿತು, ಕ್ಯಾಮ್‌ಶಾಫ್ಟ್ ಗಟ್ಟಿಯಾಯಿತು. ಕಾರಿನ ಮಾಲೀಕರು ಬಜೆಟ್ಟಿನಲ್ಲಿ ಮೊದಲು ಮರೆಯುವುದು ಇಂಟರ್‌ಕೂಲರ್, ಇಂಧನ ಪೂರೈಕೆ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಮರುಹೊಂದಾಣಿಕೆಗಳನ್ನೇ.

ಇನ್ನುಳಿದದ್ದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕೆಎ-09 ಫಲಕ ಹೊತ್ತು ಚಾಮರಾಜಪುರಂ ಬಳಿಯ ಆರ್‌ಟಿಒ ವೃತ್ತವನ್ನು ದಿನವೂ ಹಾಯುವ ಕಾರಿಗೂ, ರಸ್ತೆಗಿಳಿಯದೆ ಟ್ರೇಲರಿನ ಮೇಲೆ ಹೋಗಿ ಮುಚ್ಚಿದ ಪಥದಲ್ಲಷ್ಟೇ ಸ್ಪರ್ಧಿಸುವ ಕಾರಿಗೂ ಇಲ್ಲಿ ಅಜಗಜಾಂತರವಿದೆ; ಆದ್ದರಿಂದ ಎರಡರಲ್ಲಿ ಯಾವುದು ಎಂಬ ತೀರ್ಮಾನ ಫ್ಲಾಂಜಿನ ಅಳತೆ ತೆಗೆಯುವುದಕ್ಕೂ ಮೊದಲೇ ಆಗಬೇಕಾಗುತ್ತದೆ.