ಎರಡು ಲಾರಿ ಸೇರಿ ಒಂದು: ಹಳೆಯ ಸೇನಾ ವಾಹನಗಳ ಪುನರುಜ್ಜೀವನ

ಗುಜರಿ ವ್ಯಾಪಾರದಲ್ಲಿ ಹಳೆಯ ಲಾರಿಯೊಂದಕ್ಕೆ ಎರಡು ಬೆಲೆಗಳಿರುತ್ತವೆ. ತೂಕಕ್ಕೆ ಹಾಕಿದರೆ ಬರುವುದು ಒಂದು, ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಬರುವುದು ಇನ್ನೊಂದು. ಸೇನೆಯಿಂದ ವಿಲೇವಾರಿಯಾದ ವಾಹನಗಳಿಗೆ ಮೂರನೆಯ ಬೆಲೆಯೂ ಉಂಟು. ಒಂದೇ ಮಾದರಿಯ ಎರಡು ಲಾರಿಗಳನ್ನು ಕೊಂಡು, ಒಂದರ ಭಾಗಗಳಿಂದ ಇನ್ನೊಂದನ್ನು ರಸ್ತೆಗಿಳಿಸಿದಾಗ ದೊರೆಯುವ ಬೆಲೆ ಅದು. ಅಮೆರಿಕ ಮತ್ತು ಯುರೋಪ್ ದೇಶಗಳಲ್ಲಿ ಹವ್ಯಾಸಿಗಳಿಂದ ಆರಂಭವಾದ ಈ ಕೆಲಸವನ್ನು ನಂಬಿ ಇಂದು ಅಲ್ಲಿ ಅನೇಕ ಸಣ್ಣ ಬಿಡಿಭಾಗ ತಯಾರಕರು ಬದುಕುತ್ತಿದ್ದಾರೆ. ಆದರೆ ಜೋಡಿಯನ್ನು ಆರಿಸುವಲ್ಲಿ ತಪ್ಪಿದರೆ ಎರಡು ಲಾರಿಗಳ ಹಣವೂ ಗುಜರಿಯ ತೂಕಕ್ಕೇ ಬಂದು ನಿಲ್ಲುತ್ತದೆ. ಹೊರನೋಟಕ್ಕೆ ಅವಳಿಗಳಂತೆ ಕಾಣುವ ಲಾರಿಗಳು ಒಳಗೆ ಅವಳಿಗಳಾಗಿರಲೇಬೇಕೆಂದೇನೂ ಇಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನ ಎರಡನೆಯ ಮಹಾಯುದ್ಧ ಕಾಲದ ಅಮೆರಿಕದ ಜಿ.ಎಂ.ಸಿ. ಲಾರಿ. ಸಿ.ಸಿ.ಕೆ.ಡಬ್ಲ್ಯು. ಎಂಬುದು ಅದರ ಮಾದರಿಯ ಹೆಸರು. 1941ರಿಂದ 1945ರವರೆಗೆ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎರಡೂವರೆ ಟನ್ನಿನ ವಾಹನವಿದು. ಮೂರು ಆಕ್ಸಲ್‌ಗಳು, ಮೂರಕ್ಕೂ ಎಂಜಿನ್ನಿನ ಶಕ್ತಿ, ಸುಮಾರು 4.4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ಮುನ್ನುಗ್ಗುತ್ತಿದ್ದ ಸೇನೆಗೆ ಇಂಧನ, ಮದ್ದುಗುಂಡು ಸಾಗಿಸಿದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಸಾರಿಗೆಯ ಬೆನ್ನೆಲುಬು ಈ ಲಾರಿಯೇ. ನಮ್ಮ ದೇಶದ ನೆಲಕ್ಕೂ ಇದು ಹೊಸತಲ್ಲ. ಅಸ್ಸಾಮಿನ ಲೇಡೋದಿಂದ 1945ರ ಜನವರಿ 12ರಂದು ಹೊರಟು ಫೆಬ್ರವರಿ 4ರಂದು ಚೀನಾದ ಕುನ್ಮಿಂಗ್ ತಲುಪಿದ ಮೊದಲ ವಾಹನ ಸಾಲು ಸಾಗಿದ ದುರ್ಗಮ ಮಾರ್ಗದಲ್ಲಿ ಸರಕು ಹೊತ್ತದ್ದೂ ಇದೇ ಬಗೆಯ ಅಮೆರಿಕನ್ ಲಾರಿಗಳು.

ಒಂದರ ಭಾಗವನ್ನು ಇನ್ನೊಂದಕ್ಕೆ ತೊಡಿಸುವ ಪದ್ಧತಿ ಈ ಲಾರಿಗಳಿಗೆ ಯುದ್ಧಕಾಲದಿಂದಲೇ ಬಂದದ್ದು. ರಣರಂಗದ ಸಮೀಪದ ಕಾರ್ಯಾಗಾರದಲ್ಲಿ ಬಿಡಿಭಾಗ ಬರುವವರೆಗೆ ಕಾಯುವಷ್ಟು ಸಮಯ ಯಾರಿಗೂ ಇರಲಿಲ್ಲ. ಗುಂಡೇಟು ತಿಂದ ಲಾರಿಯ ಗೇರ್ ಬಾಕ್ಸ್ ಬಿಚ್ಚಿ ಮತ್ತೊಂದಕ್ಕೆ ಹಾಕುತ್ತಿದ್ದರು. ಸೈನಿಕರ ಭಾಷೆಯಲ್ಲಿ ಇದಕ್ಕೆ ‘ಕ್ಯಾನಿಬಲೈಸೇಷನ್’ ಎಂದು ಹೆಸರು. ಸ್ವಜಾತಿ ಭಕ್ಷಣೆ ಎಂದು ಹೇಳಬಹುದು. ಹೆಸರು ಕ್ರೂರವಾದರೂ ಲೆಕ್ಕಾಚಾರ ಸರಿಯಾಗಿಯೇ ಇದೆ. ಯುದ್ಧಾನಂತರ ಫ್ರಾನ್ಸಿನ ಸೇನೆ ಈ ಲಾರಿಗಳನ್ನು ದಶಕಗಳ ಕಾಲ ಬಳಸಿತು, ತನ್ನ ಕಾರ್ಯಾಗಾರಗಳಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿತು. ಆದ್ದರಿಂದ ಯುರೋಪಿನಲ್ಲಿ ಇಂದು ಸಿಗುವ ಅನೇಕ ಜಿ.ಎಂ.ಸಿ.ಗಳಲ್ಲಿ ಚಾಸಿ ಒಂದು ಲಾರಿಯದು, ಎಂಜಿನ್ ಮತ್ತೊಂದರದು. ‘ಅಸಲಿ ಸ್ಥಿತಿಯಲ್ಲಿದೆ’ ಎಂದು ಮಾರುವವನು ಹೇಳಿದಾಗ ಕೊಳ್ಳುವವನು ಸ್ವಲ್ಪ ನಕ್ಕು ಮುಂದಿನ ಮಾತಿಗೆ ಹೋಗುವುದೇ ಲೇಸು.

ಹೊರಗೆ ಅವಳಿ, ಒಳಗೆ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಲಾರಿ ಬೇಕಾದಾಗ ಒಂದೇ ಕಾರ್ಖಾನೆಯ ಆಕ್ಸಲ್ ಸಾಲದೆ ಹೋಯಿತು. ಹೀಗಾಗಿ ಜಿ.ಎಂ.ಸಿ.ಗೆ ಎರಡು ಬಗೆಯ ಆಕ್ಸಲ್‌ಗಳು ಬಂದವು. ಟಿಮ್ಕೆನ್ ಕಂಪನಿಯ ‘ಸ್ಪ್ಲಿಟ್’ ಆಕ್ಸಲ್‌ನಲ್ಲಿ ಹೌಸಿಂಗ್ ಎರಡು ಹೋಳುಗಳಾಗಿದ್ದು ನಡುವೆ ಬೋಲ್ಟುಗಳಿಂದ ಕೂಡಿರುತ್ತದೆ. ಜನರಲ್ ಮೋಟಾರ್ಸ್‌ನದೇ ಆದ ‘ಬ್ಯಾಂಜೋ’ ಆಕ್ಸಲ್‌ನಲ್ಲಿ ಹೌಸಿಂಗ್ ಒಂದೇ ತುಂಡು. ಅದರ ದುಂಡನೆಯ ಹೊಟ್ಟೆಯೊಳಗಿನಿಂದ ಗೇರುಗಳ ಸೆಟ್ಟನ್ನು ಹಾಗೆಯೇ ಹೊರತೆಗೆಯಬಹುದು. ಸ್ಪ್ಲಿಟ್ ಆಕ್ಸಲ್‌ನ ಗೇರು ನೋಡಬೇಕಾದರೆ ಇಡೀ ಆಕ್ಸಲನ್ನೇ ಲಾರಿಯಿಂದ ಇಳಿಸಬೇಕು. ಮೆಕ್ಯಾನಿಕ್ಕುಗಳಿಗೆ ಬ್ಯಾಂಜೋ ಮೇಲೆ ಪ್ರೀತಿ ಹೆಚ್ಚಿದ್ದರೆ ಆಶ್ಚರ್ಯವೇನಿಲ್ಲ.

ಎರಡು ಬಗೆಯ ಲಾರಿಗಳೂ ಬಣ್ಣ ಬಳಿದು ನಿಲ್ಲಿಸಿದಾಗ ಒಂದೇ ಆಗಿ ಕಾಣುತ್ತವೆ. ಬಗ್ಗಿ ಕೆಳಗೆ ನೋಡಿದವನಿಗೆ ಮಾತ್ರ ವ್ಯತ್ಯಾಸ ತಿಳಿಯುವುದು. ಒಂದರಲ್ಲಿ ಸ್ಪ್ಲಿಟ್, ಇನ್ನೊಂದರಲ್ಲಿ ಬ್ಯಾಂಜೋ ಇದ್ದರೆ ಒಂದರ ಕ್ರೌನ್ ಪಿನಿಯನ್ ಇನ್ನೊಂದಕ್ಕೆ ಕೂರದು. ಆಕ್ಸಲನ್ನು ಇಡಿಯಾಗಿ ಬದಲಿಸಿದರಾಯಿತು ಎಂದು ಕೆಲವರು ಭಾವಿಸುತ್ತಾರೆ. ಎಲ್ಲ ಚಕ್ರಗಳಿಗೂ ಶಕ್ತಿ ಹರಿಯುವ ವಾಹನದಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಗೇರು ಅನುಪಾತ ಹೊಂದಿಕೆಯಾಗಲೇಬೇಕು. ಇಲ್ಲವಾದರೆ ಗಟ್ಟಿ ರಸ್ತೆಯಲ್ಲಿ ಒಂದು ಆಕ್ಸಲ್ ಇನ್ನೊಂದನ್ನು ಎಳೆಯತೊಡಗಿ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಟೈರುಗಳು ಸವೆಯುತ್ತವೆ, ಕೊನೆಗೆ ಗೇರಿನ ಹಲ್ಲು ಮುರಿಯುತ್ತದೆ. ಆಕ್ಸಲ್ ಬದಲಾದರೆ ಟ್ರಾನ್ಸ್‌ಫರ್ ಕೇಸ್, ಪ್ರೊಪೆಲ್ಲರ್ ಶಾಫ್ಟುಗಳನ್ನೂ ಅದರ ಜೊತೆಗೇ ತರಬೇಕಾಗಬಹುದು. ಅಷ್ಟೆಲ್ಲ ಬದಲಿಸಿದ ಮೇಲೆ ಯಾವ ಲಾರಿಯನ್ನು ಯಾವುದಕ್ಕಾಗಿ ಬಿಚ್ಚಿದೆವು ಎಂಬುದೇ ಪ್ರಶ್ನೆಯಾಗುತ್ತದೆ. ಕ್ಯಾಬಿನ್ನಿನ ಮಾತೂ ಹೀಗೆಯೇ. ಮೊದಲಿನ ಲಾರಿಗಳಿಗೆ ಮುಚ್ಚಿದ ತಗಡಿನ ಕ್ಯಾಬಿನ್, ನಂತರದವುಗಳಿಗೆ ಕ್ಯಾನ್ವಾಸ್ ಹೊದಿಕೆಯ ತೆರೆದ ಕ್ಯಾಬಿನ್. ಉಕ್ಕು ಉಳಿಸಲೆಂದು ಹಲವಕ್ಕೆ ಮರದ ಬಾಡಿ.

ಅನುಭವಸ್ಥರು ಮೊದಲು ಕೈಗೆತ್ತಿಕೊಳ್ಳುವುದು ಸ್ಪ್ಯಾನರನ್ನಲ್ಲ, ಪುಸ್ತಕವನ್ನು. ಅಮೆರಿಕದ ಸೇನೆ ಈ ಲಾರಿಗೆ ಟಿ.ಎಂ. 9-801 ಎಂಬ ಕೈಪಿಡಿಯನ್ನೂ, ಜಿ-508 ಎಂಬ ಬಿಡಿಭಾಗಗಳ ಪಟ್ಟಿಯನ್ನೂ ಹೊರತಂದಿತ್ತು. ಆ ಪಟ್ಟಿಯನ್ನಿಟ್ಟುಕೊಂಡು ಎರಡೂ ಲಾರಿಗಳನ್ನು ಭಾಗಭಾಗವಾಗಿ ತಾಳೆ ನೋಡಿದ ಮೇಲೆಯೇ ಬಿಚ್ಚುವ ಕೆಲಸಕ್ಕೆ ಕೈಹಾಕಬೇಕು.

ಉಳಿಸುವುದು ಯಾವುದನ್ನು, ಬಿಚ್ಚುವುದು ಯಾವುದನ್ನು? ಎಂಜಿನ್ ತಿರುಗುವ ಲಾರಿಯನ್ನೇ ಉಳಿಸಬೇಕೆಂದು ಯಾರಿಗಾದರೂ ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಎಂಜಿನ್ನನ್ನು ಒಂದು ದಿನದಲ್ಲಿ ಇಳಿಸಿ ಏರಿಸಬಹುದು, ಬಾಗಿದ ಚಾಸಿಯನ್ನು ನೇರ ಮಾಡುವುದು ಹಾಗಲ್ಲ. ಚಾಸಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡವಾಗಿ ಟೇಪು ಹಿಡಿದು ಎರಡೂ ಅಳತೆಗಳನ್ನು ಹೋಲಿಸಬೇಕು. ಅಳತೆಗಳು ಕೂಡದಿದ್ದರೆ ಆ ಚಾಸಿ ವಾರೆಯಾಗಿದೆ ಎಂದೇ ಅರ್ಥ. ರಿವೆಟ್ಟುಗಳ ಸುತ್ತ ತುಕ್ಕು ಊದಿಕೊಂಡಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಬೇಕು. ನೇರವಾದ ಚಾಸಿ ಯಾವುದೋ ಅದೇ ಉಳಿಯಬೇಕಾದ ಲಾರಿ. ವರ್ಷಗಟ್ಟಲೆ ನಿಂತು ಬಿಗಿದುಹೋದ ಎಂಜಿನ್ನಿಗೂ ಉಪಾಯವಿದೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಿಲಿಂಡರುಗಳಿಗೆ ಎಣ್ಣೆ ಸುರಿದು ಕೆಲವು ದಿನ ಬಿಟ್ಟು, ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಬೇಕು. ಅವಸರಪಟ್ಟು ಇನ್ನೊಂದು ಲಾರಿಗೆ ಕಟ್ಟಿ ಎಳೆಸಿದರೆ ಪಿಸ್ಟನ್ ರಿಂಗುಗಳು ಮುರಿದು, ಎರಡು ಎಂಜಿನ್‌ಗಳಿಂದ ಒಂದನ್ನೂ ಮಾಡಲಾಗದ ಸ್ಥಿತಿ ಬರುತ್ತದೆ.

ಎರಡೂ ಲಾರಿಗಳು ಕೊಡಲಾರದ್ದು

ನಮ್ಮ ತಯಾರಕ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಭಾಗವಿದು. ಬಿಡಿಭಾಗದ ಲಾರಿ ಉಕ್ಕನ್ನು ಕೊಡಬಲ್ಲದು, ರಬ್ಬರನ್ನು ಕೊಡಲಾರದು. ಆಯಿಲ್ ಸೀಲು, ಬ್ರೇಕಿನ ವೀಲ್ ಸಿಲಿಂಡರಿನ ಕಪ್ಪುಗಳು, ರೇಡಿಯೇಟರ್ ಹೋಸು, ವೈರಿಂಗ್, ಕ್ಯಾನ್ವಾಸು ಇವೆಲ್ಲ ಎರಡು ಲಾರಿಗಳಲ್ಲೂ ಒಂದೇ ಕಾಲಕ್ಕೆ ಹಾಳಾಗಿರುತ್ತವೆ. ವಿದೇಶಗಳಲ್ಲಿ ಸಣ್ಣ ಉದ್ದಿಮೆಗಳು ಬೆಳೆದಿರುವುದು ಇಂಥ ಭಾಗಗಳ ತಯಾರಿಕೆಯಲ್ಲಿಯೇ. ನಟ್ಟು ಬೋಲ್ಟುಗಳ ಥ್ರೆಡ್ಡು ಅಂಗುಲದ ಅಳತೆಯದು. ನಮ್ಮ ಅಂಗಡಿಗಳ ಮೆಟ್ರಿಕ್ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿದರೆ ಎರಕದೊಳಗಿನ ಥ್ರೆಡ್ಡೇ ಹಾಳಾಗುತ್ತದೆ. ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು, ಇಂದಿನ 12 ವೋಲ್ಟಿನ ಬಲ್ಬು, ಕಾಯಿಲುಗಳು ಅದಕ್ಕೆ ಹೊಂದವು.

ಎರಕದ ಭಾಗಗಳಿಗೆ ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳವರಿಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಆದರೆ ಗಿರಾಕಿಗೆ ಒಂದು ಮಾತು ಹೇಳಬೇಕಾಗುತ್ತದೆ. ಹಳೆಯ ಭಾಗವನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದರೆ ಹೊಸ ಭಾಗ ಚಿಕ್ಕದಾಗುತ್ತದೆ. ಬೀಡುಕಬ್ಬಿಣ ತಣ್ಣಗಾಗುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುವುದರಿಂದ 300 ಮಿಲಿಮೀಟರ್ ಉದ್ದದ ಮ್ಯಾನಿಫೋಲ್ಡು 3 ಮಿಲಿಮೀಟರ್ ಗಿಡ್ಡವಾಗಿ, ಬೋಲ್ಟಿನ ರಂಧ್ರಗಳು ಸಾಲು ತಪ್ಪುತ್ತವೆ. ಕುಗ್ಗುವಿಕೆಯನ್ನು ಲೆಕ್ಕ ಹಿಡಿದು ಪ್ಯಾಟರ್ನ್ ಮಾಡುವ ಖರ್ಚು ಒಂದೇ ತುಂಡಿಗೆ ಹೊರೆ. ಹತ್ತಿಪ್ಪತ್ತು ಗಿರಾಕಿಗಳು ಕೂಡಿದರೆ ವ್ಯಾಪಾರ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಸಿಗುವ ವಾಹನಗಳು ಹೆಚ್ಚಾಗಿ ಜಬಲ್‌ಪುರದವು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಡಿ ತಯಾರಾದ ಶಕ್ತಿಮಾನ್ ಲಾರಿಯ ಉತ್ಪಾದನೆ 1996ರಲ್ಲಿ ನಿಂತಿತು, ನಿಸಾನ್ ಮೂಲದ ಜೋಂಗಾದ್ದು 1999ರಲ್ಲಿ. ಇವುಗಳಿಗೂ ಮೇಲಿನ ಎಚ್ಚರಿಕೆಗಳೆಲ್ಲ ಸಲ್ಲುತ್ತವೆ, ಜೊತೆಗೆ ಕಾಗದಪತ್ರದ ಎಚ್ಚರಿಕೆಯೂ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬಿಡಿಭಾಗದ ಲಾರಿಯ ಎಂಜಿನ್ ಏರಿಸಿದಾಗ ಎಂಜಿನ್ ನಂಬರು ಬದಲಾಗುತ್ತದೆ ಎಂಬುದನ್ನು ಮರೆಯಬಾರದು. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ ವಾಹನಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆಯನ್ನೂ 20,000 ರೂಪಾಯಿ ಶುಲ್ಕಕ್ಕೆ 10 ವರ್ಷಗಳ ನೋಂದಣಿಯನ್ನೂ ಒದಗಿಸಿವೆ. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂಬ ಷರತ್ತು ಅಲ್ಲಿದೆ. ಅಲ್ಲದೆ ಆ ನಿಯಮಗಳು ಸ್ವಂತ ಬಳಕೆಯ ದ್ವಿಚಕ್ರ, ಚತುಶ್ಚಕ್ರ ವಾಹನಗಳನ್ನು ಉದ್ದೇಶಿಸಿದವು. ಲಾರಿಗೂ ಅವು ಅನ್ವಯಿಸುತ್ತವೆಂದು ನಂಬಿ ಹಣ ಹೂಡುವ ಮೊದಲು ಸಾರಿಗೆ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು.

ಇನ್ನುಳಿದದ್ದು ಬಿಚ್ಚಿದ ಲಾರಿಯ ಅಸ್ಥಿಪಂಜರ. ಉಳಿಸಿದ ಲಾರಿ ಸರಕು ಹೊತ್ತು ಕೆಲವು ನೂರು ಕಿಲೋಮೀಟರ್ ಓಡುವವರೆಗೆ ಅದನ್ನು ಗುಜರಿಗೆ ಹಾಕಬಾರದು; ಯಾವ ಬ್ರಾಕೆಟ್ಟು ಬೇಕಾಗುವುದೋ ಅಲ್ಲಿಯವರೆಗೆ ಗೊತ್ತಾಗುವುದಿಲ್ಲ. ಆ ಲಾರಿ ಹೆಸರಿನಲ್ಲಿ ನೋಂದಣಿ ಇದ್ದಲ್ಲಿ, ಶಾಶ್ವತವಾಗಿ ಬಳಕೆಗೆ ಬಾರದಂತಾದ 14 ದಿನಗಳೊಳಗೆ 55ನೆಯ ಕಲಮಿನಂತೆ ನೋಂದಣಿ ಅಧಿಕಾರಿಗೆ ತಿಳಿಸಿ ಅದನ್ನು ರದ್ದುಪಡಿಸಬೇಕು.