ಮನೆಗೊಂದು ಕಾಫಿ ಬೀಸುವ ಯಂತ್ರ: ಕೊಳ್ಳುವ ಮುನ್ನ ಕೆಲವು ವಿಚಾರ

ಉತ್ತರ ಕರ್ನಾಟಕದ ಮನೆಗಳಲ್ಲಿ ಚಹಕ್ಕಿರುವ ಸ್ಥಾನ ಹಳೆಯ ಮೈಸೂರು ಹಾಗೂ ಮಲೆನಾಡಿನ ಮನೆಗಳಲ್ಲಿ ಕಾಫಿಗಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಹೀಗಿದ್ದರೂ ನಮ್ಮಲ್ಲಿ ಅನೇಕ ಕುಟುಂಬಗಳು ಎಂದೋ ಪುಡಿಯಾಗಿ ಪೊಟ್ಟಣ ಸೇರಿದ ಕಾಫಿಯನ್ನೇ ಕುಡಿಯುತ್ತಿವೆ. ಮನೆಯಲ್ಲಿಯೇ ಬೀಜ ಬೀಸಿಕೊಳ್ಳುವ ಯಂತ್ರಗಳು ಈಗ ಪೇಟೆಯಲ್ಲಿ ಬಗೆಬಗೆಯಾಗಿ ದೊರೆಯುತ್ತಿರುವುದರಿಂದ, ಅವುಗಳಲ್ಲಿ ಯಾವುದು ಸಂಸಾರಸ್ಥರಿಗೆ ತಕ್ಕುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮನೆಯಲ್ಲಿಯೇ ಏಕೆ ಬೀಸಬೇಕು?

ಹುರಿದ ಬೀಜವು ಇಡಿಯಾಗಿರುವವರೆಗೆ ತನ್ನ ಪರಿಮಳವನ್ನು ಕೆಲವು ವಾರಗಳ ಕಾಲ ಒಳಗೆ ಕಾಪಾಡಿಕೊಳ್ಳುತ್ತದೆ. ಪುಡಿಯಾದೊಡನೆ ಗಾಳಿಗೆ ತೆರೆದುಕೊಳ್ಳುವ ಮೈ ಅನೇಕ ಪಾಲು ಹೆಚ್ಚುವುದರಿಂದ ಕೆಲವೇ ದಿನಗಳಲ್ಲಿ ಸುವಾಸನೆ ಕುಗ್ಗುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು ಹಣದ ಮಾತು. ಚಿಕೋರಿ ಬೆರೆತ ಕಾಫಿ ಪುಡಿಯಲ್ಲಿ ಕಾಫಿಯ ಅಂಶ ಶೇಕಡ 51ಕ್ಕಿಂತ ಕಡಿಮೆ ಇರಕೂಡದೆಂದೂ, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಕಾನೂನಿದೆ. ಅಂದರೆ ಕೊಂಡ ಒಂದು ಕಿಲೋ ಪುಡಿಯಲ್ಲಿ 490 ಗ್ರಾಂ ಚಿಕೋರಿ ಇದ್ದರೂ ಅದು ನಿಯಮಬದ್ಧವೇ. ಚಿಕೋರಿ ಒಂದು ಬೇರಿನ ಪುಡಿ. ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತೆಯನ್ನೂ ಕೊಡುತ್ತದೆ. ಅದನ್ನು ಇಷ್ಟಪಡುವವರು ಹಾಕಿಕೊಳ್ಳಲಿ. ಆದರೆ ಎಷ್ಟು ಹಾಕಬೇಕೆಂಬುದನ್ನು ಗೃಹಿಣಿಯೇ ನಿರ್ಧರಿಸುವುದು ಲೇಸು. ಬೀಜವನ್ನು ಕೊಂಡು ತಾನೇ ಬೀಸಿದಾಗ ಈ ಸ್ವಾತಂತ್ರ್ಯ ತಾನಾಗಿಯೇ ಲಭಿಸುತ್ತದೆ.

ಕತ್ತರಿಸುವುದೋ, ಬೀಸುವುದೋ?

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಮಿಕ್ಸಿಯಂತೆ ಅಲಗು ತಿರುಗುವಂಥದು. ಅಲಗಿಗೆ ಪದೇ ಪದೇ ಸಿಕ್ಕ ಬೀಜ ಹಿಟ್ಟಾಗುತ್ತದೆ, ತಪ್ಪಿಸಿಕೊಂಡದ್ದು ನುಚ್ಚಾಗಿ ಉಳಿಯುತ್ತದೆ. ಎರಡನೆಯದು ಬರ್ ಗ್ರೈಂಡರ್ ಎಂದು ಕರೆಯಲ್ಪಡುವ ಯಂತ್ರ. ಇದರ ತತ್ತ್ವ ನಮ್ಮ ಹಿರಿಯರು ರಾಗಿ, ಜೋಳ ಬೀಸುತ್ತಿದ್ದ ಕಲ್ಲಿನದೇ. ಹಲ್ಲುಗಳುಳ್ಳ ಎರಡು ಬಿಲ್ಲೆಗಳ ನಡುವೆ, ಇಲ್ಲವೇ ಬಳೆಯೊಳಗೆ ತಿರುಗುವ ಶಂಕುವಿನ ಸುತ್ತ, ಬೀಜ ನುರಿಯುತ್ತದೆ. ಗೊತ್ತಾದ ಸಂದಿನಲ್ಲಿ ತೂರುವಷ್ಟು ಸಣ್ಣದಾಗುವ ತನಕ ಹೊರಗೆ ಬೀಳುವುದಿಲ್ಲ. ಸಂದನ್ನು ಹಿಗ್ಗಿಸಿ ಕುಗ್ಗಿಸಿ ಬೇಕಾದ ಹದ ಪಡೆಯಬಹುದು.

ಹದ ಸಮನಾಗಿರಬೇಕೆಂಬುದಕ್ಕೆ ಏಕಿಷ್ಟು ಒತ್ತು? ಫಿಲ್ಟರಿನಲ್ಲಿ ಪುಡಿ ಅತಿ ನುಣುಪಾದರೆ ರಂಧ್ರ ಕಟ್ಟಿ ಡಿಕಾಕ್ಷನ್ ಇಳಿಯದು, ಇಳಿದರೂ ಕಹಿ ಮುಂದಾಗಿರುತ್ತದೆ. ಅತಿ ತರಿಯಾದರೆ ನೀರು ಸರಾಗವಾಗಿ ಹರಿದು ಡಿಕಾಕ್ಷನ್ ತೆಳುವಾಗುತ್ತದೆ. ಎರಡೂ ಬೆರೆತ ಪುಡಿಯಲ್ಲಿ ಎರಡು ದೋಷಗಳೂ ಒಟ್ಟಿಗೆ ಕಾಣುತ್ತವೆ. ಚಿರೋಟಿ ರವೆಗಿಂತ ತುಸು ನುಣುಪು, ಮೈದಾ ಹಿಟ್ಟಿಗಿಂತ ತರಿ — ಬೆರಳುಗಳ ನಡುವೆ ತಿಕ್ಕಿದಾಗ ಹೀಗೆ ತೋರಿದರೆ ನಮ್ಮ ಫಿಲ್ಟರಿಗೆ ಅದೇ ಸರಿಯಾದ ಹದ. ಆದುದರಿಂದ, ಹಣ ಕೊಟ್ಟು ಪ್ರತ್ಯೇಕ ಯಂತ್ರವನ್ನೇ ಕೊಳ್ಳುವುದಾದರೆ ಬೀಸುವ ಜಾತಿಯದನ್ನೇ ಕೊಳ್ಳುವುದು ಉಚಿತವೆಂದು ನಮ್ಮ ಅಭಿಪ್ರಾಯ. ಅಲಗಿನ ಯಂತ್ರ ಮಾಡುವ ಕೆಲಸವನ್ನು ಮನೆಯಲ್ಲಿರುವ ಮಿಕ್ಸಿಯ ಸಣ್ಣ ಜಾರ್ ಕೂಡ ಮಾಡಬಲ್ಲದು. ಅದನ್ನು ಒಂದೇ ಸಮನೆ ಓಡಿಸದೆ, ಎರಡು ಮೂರು ಕ್ಷಣ ತಿರುಗಿಸಿ, ಅಲುಗಿಸಿ, ಮತ್ತೆ ತಿರುಗಿಸಬೇಕು. ಜರಡಿ ಹಿಡಿದು ಉಳಿದ ನುಚ್ಚನ್ನು ಮರಳಿ ಹಾಕಬೇಕು. ಮಸಾಲೆಯ ಜಾರನ್ನು ಮಾತ್ರ ಇದಕ್ಕೆ ಬಳಸಬಾರದು. ಮೆಣಸು, ಕೊತ್ತಂಬರಿಗಳ ವಾಸನೆ ತೊಳೆದರೂ ಹೋಗದು.

ಕೈಯಿಂದಲೋ, ವಿದ್ಯುತ್ತಿನಿಂದಲೋ?

ಇದನ್ನು ಮನೆಯ ಲೆಕ್ಕ ನೋಡಿ ನಿಶ್ಚಯಿಸಬೇಕು. ಒಂದು ಲೋಟ ಹಾಲುಗಾಫಿಗೆ ಸುಮಾರು 6 ಗ್ರಾಂ ಪುಡಿಯೆಂದು ಹಿಡಿದರೆ, ನಾಲ್ವರಿಗೆ ಒಂದು ಹೊತ್ತಿಗೆ 24 ಗ್ರಾಂ, ದಿನಕ್ಕೆರಡು ಹೊತ್ತಿಗೆ 48 ಗ್ರಾಂ ಆಯಿತು. ಕೈಯಂತ್ರಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಾಂ ಬೀಜ ಹಿಡಿಯುತ್ತದೆ. ದಂಪತಿಗಳಿಬ್ಬರೇ ಇರುವ ಮನೆಗೆ ಇದು ಧಾರಾಳವಾಗಿ ಸಾಕು. ಸದ್ದು ಕಡಿಮೆ, ವಿದ್ಯುತ್ತಿನ ಹಂಗಿಲ್ಲ, ಅದೇ ಬೆಲೆಯ ವಿದ್ಯುತ್ ಯಂತ್ರಕ್ಕಿಂತ ಹದವೂ ಬಹುಮಟ್ಟಿಗೆ ಉತ್ತಮ. ಅವಿಭಕ್ತ ಕುಟುಂಬಗಳಿಗೂ, ನೆಂಟರಿಷ್ಟರು ಬಂದು ಹೋಗುವ ಮನೆಗಳಿಗೂ ಅದು ಸಾಲದು.

ಇಲ್ಲಿ ಇನ್ನೊಂದು ಮಾತನ್ನೂ ಯೋಚಿಸಬೇಕಾದುದು ಅವಶ್ಯ. ಮುಂಜಾನೆ ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು. ಕೈಯಂತ್ರವನ್ನು ಮೆಚ್ಚಿ ತರುವವರು ಒಬ್ಬರು, ನಿತ್ಯವೂ ತಿರುಗಿಸುವವರು ಇನ್ನೊಬ್ಬರು ಎಂದಾದರೆ ಆ ಯಂತ್ರ ಆರು ತಿಂಗಳಲ್ಲಿ ಅಟ್ಟ ಸೇರುವುದು ಖಂಡಿತ. ಕೀಲುನೋವಿರುವ ಅತ್ತೆಯವರ ಕೈಗೆ ಅದನ್ನು ಕೊಡುವುದಂತೂ ಸಲ್ಲದು. ಬೀಸುವ ಕೆಲಸವನ್ನು ಮನೆಯ ಯಜಮಾನರೋ ಬೆಳೆದ ಮಕ್ಕಳೋ ವಹಿಸಿಕೊಳ್ಳುವುದಾದರೆ ಕೈಯಂತ್ರ ತನ್ನಿರಿ. ಇಲ್ಲವಾದರೆ ವಿದ್ಯುತ್ ಯಂತ್ರವೇ ಮೇಲು.

ಅಂಗಡಿಯಲ್ಲಿ ನೋಡಬೇಕಾದುವು

ವ್ಯಾಟ್ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಯಂತ್ರ ಶ್ರೇಷ್ಠವಲ್ಲ. ನಿಧಾನವಾಗಿ ತಿರುಗುವ ಬಿಲ್ಲೆಗಳು ಪುಡಿಯನ್ನು ಹೆಚ್ಚು ಬಿಸಿ ಮಾಡುವುದಿಲ್ಲ. ಬಿಲ್ಲೆಗಳು ಉಕ್ಕಿನವೋ ಸೆರಾಮಿಕ್ಕಿನವೋ ಎಂದು ಕೇಳಿರಿ. ಸೆರಾಮಿಕ್ ತುಕ್ಕು ಹಿಡಿಯದು, ಆದರೆ ಕೆಳಗೆ ಬಿದ್ದರೆ ಒಡೆಯಬಹುದು. ಬಿಚ್ಚಿ ಶುಚಿ ಮಾಡಲು ಸುಲಭವೇ, ಸವೆದ ಬಿಲ್ಲೆಗೆ ಬದಲಿ ದೊರೆಯುವುದೇ ಎಂಬುದನ್ನು ಖಚಿತಪಡಿಸಿಕೊಳ್ಳಿರಿ. ಸಾಧ್ಯವಾದರೆ ಒಂದು ಹಿಡಿ ಬೀಜವನ್ನು ಅಲ್ಲಿಯೇ ಬೀಸಿಸಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿರಿ.

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಯಂತ್ರ ತರುವುದುಂಟು. ಅಲ್ಲಿಯ ವಿದ್ಯುತ್ 120 ವೋಲ್ಟ್, ನಮ್ಮದು 230 ವೋಲ್ಟ್. ಬರಿಯ ಪಿನ್ನು ಬದಲಿಸುವ ಅಡಾಪ್ಟರ್ ಹಾಕಿ ಚಾಲೂ ಮಾಡಿದರೆ ಮೋಟಾರು ಸುಟ್ಟುಹೋಗುತ್ತದೆ. ತರುವ ಮುನ್ನವೇ ಯಂತ್ರದ ಮೇಲಿನ ಬರಹ ಓದುವಂತೆ ಅವರಿಗೆ ತಿಳಿಸಿರಿ.

ಬಳಕೆಯಲ್ಲಿ ಎಚ್ಚರ

ಬೀಜವನ್ನು ಬೀಸುವ ಮುನ್ನ ತಟ್ಟೆಯಲ್ಲಿ ಹರಡಿ ಆರಿಸಬೇಕು. ಒಂದು ಸಣ್ಣ ಕಲ್ಲು ಬಿಲ್ಲೆಯ ಹಲ್ಲನ್ನು ಮುರಿಯಬಲ್ಲದು. ತೋಟದ ನೆಂಟರು ಕೊಟ್ಟ ಹಸಿರು ಬೀಜ ಬಹಳ ಗಟ್ಟಿಯಾದುದರಿಂದ ಹುರಿದು ಆರಿಸಿದ ಬಳಿಕವೇ ಹಾಕಬೇಕು. ಚಿಕೋರಿ ತೇವವನ್ನು ಹೀರಿ ಅಂಟುವ ಪದಾರ್ಥ. ಅದನ್ನು ಪುಡಿಯಾದ ಕಾಫಿಗೆ ಹೊರಗೆ ಬೆರೆಸಿರಿ. ಉಕ್ಕಿನ ಬಿಲ್ಲೆಗಳಿಗೆ ನೀರು ತಾಕಿಸದೆ, ಪ್ಲಗ್ ತೆಗೆದು, ಒಣ ಕುಂಚದಿಂದ ವಾರಕ್ಕೊಮ್ಮೆ ಒರೆಸಿದರೆ ಹಳೆಯ ಪುಡಿಯ ಕಮಟು ವಾಸನೆ ಸೇರದು.

ಕಡೆಯದಾಗಿ ಒಂದು ಮಾತು. ನಿಮ್ಮ ಬೀದಿಯ ಕಾಫಿ ಅಂಗಡಿಯವರು ಕಣ್ಣೆದುರಿನಲ್ಲಿಯೇ ಬೀಜ ಬೀಸಿ ಕೊಡುವವರಾಗಿದ್ದು, ವಾರಕ್ಕೆ ಬೇಕಾದಷ್ಟನ್ನೇ ತಂದು ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡುವ ಶಿಸ್ತು ನಿಮ್ಮಲ್ಲಿದ್ದರೆ, ಯಂತ್ರ ಕೊಳ್ಳುವ ಅಗತ್ಯವೇ ಇಲ್ಲ. ಆ ಹಣದಲ್ಲಿ ಒಳ್ಳೆಯ ಬೀಜ ಕೊಳ್ಳಬಹುದು. ಅಂಥ ಅಂಗಡಿ ಹತ್ತಿರವಿಲ್ಲದವರು ಮೇಲಿನ ವಿಷಯಗಳನ್ನು ಮನೆಯವರೆಲ್ಲ ಕುಳಿತು ಚರ್ಚಿಸಿ, ನಿತ್ಯವೂ ಬಳಸುವವರ ಮಾತಿಗೆ ಮೊದಲ ಮನ್ನಣೆಯಿತ್ತು ಆರಿಸಿಕೊಳ್ಳಲಿ.