ಡಾಕ್ಟರನ್ನು ಕೇಳುವುದು ತಪ್ಪಲ್ಲ: ಶ್ವಾಸಕೋಶದ ಕ್ಯಾನ್ಸರ್, ನಂಬಿಕೆ ಮತ್ತು ಸತ್ಯ

ಹುಬ್ಬಳ್ಳಿ-ಧಾರವಾಡದ ಕಡೆಯ ಮಂದಿ ದೊಡ್ಡ ಡಾಕ್ಟರ ಮುಂದೆ ಹೆಚ್ಚು ಮಾತಾಡುವುದಿಲ್ಲ. 'ಭಾಳ ಕೇಳಿದ್ರ ಸಾಹೇಬ್ರಿಗೆ ಸಿಟ್ಟು ಬರ್ತೈತಿ' ಎಂಬ ಅಳುಕು. ಫೈಲು ಮುಂದಿಟ್ಟು, 'ನಿಮಗ ತಿಳದಂಗ ಮಾಡ್ರಿ' ಎಂದು ಕೈಮುಗಿದು ಹೊರಗೆ ಬರುತ್ತಾರೆ. ಆ ಗೌರವ ಇರಲಿ. ಆದರೆ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಈ ಮೌನ ರೋಗಿಗೇ ಹಾನಿ. ಎರಡು-ಮೂರು ಪ್ರಶ್ನೆಗಳ ಉತ್ತರದ ಮೇಲೆ ಔಷಧಿಯೇ ಬದಲಾಗುವ ರೋಗ ಇದು. ಆ ಪ್ರಶ್ನೆಗಳು ಬಾಯಿಗೆ ಬರದಂತೆ ತಡೆಯುವ ನಂಬಿಕೆಗಳು ನಮ್ಮಲ್ಲಿ ಹಲವಿವೆ.

ಮೊದಲನೆಯದು, 'ಇಷ್ಟು ದಿನದ ಕೆಮ್ಮು ಅಂದ್ರ ಟಿ.ಬಿ.ನೇ' ಎಂಬುದು. ಕ್ಷಯ ಹೆಚ್ಚಿರುವ ದೇಶದಲ್ಲಿ ಈ ಅನುಮಾನ ಸಹಜ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಎರಡೂ ರೋಗಗಳಲ್ಲಿ ಉಂಟು. ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಮಚ್ಚೆಯೂ ಎರಡರಲ್ಲಿ ಒಂದೇ ತರಹ ಇರಬಹುದು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಎಕ್ಸ್‌ರೇ ನೋಡಿಯೇ ಟಿ.ಬಿ. ಗುಳಿಗೆ ಶುರುವಾಗುವುದುಂಟು. ಅದು ಆರು ತಿಂಗಳ ಕೋರ್ಸು. ನಿಜವಾದ ರೋಗ ಕ್ಯಾನ್ಸರ್ ಆಗಿದ್ದರೆ ಆ ತಿಂಗಳುಗಳು ಕೈತಪ್ಪಿ ಹೋಗುತ್ತವೆ. ಹಾಗಾಗಿ ಕೇಳಲೇಬೇಕಾದ ಮಾತು: 'ಕಫದಾಗ ಟಿ.ಬಿ. ಕ್ರಿಮಿ ಸಿಕ್ಕೈತೇನ್ರಿ?' ಇಲ್ಲ ಎಂದಾದರೆ, ಅಥವಾ ಕೆಲವು ವಾರ ಗುಳಿಗೆ ನುಂಗಿದ ಮೇಲೂ ಕೆಮ್ಮು, ತೂಕ, ಎಕ್ಸ್‌ರೇ ಸುಧಾರಿಸದಿದ್ದರೆ, 'ಸಿ.ಟಿ. ಸ್ಕ್ಯಾನ್ ಬೇಕಾಗ್ತೈತೇನ್ರಿ?' ಎಂದು ಕೇಳಿ. ಆದರೆ ಡಾಕ್ಟರು ಹೇಳದೆ ಟಿ.ಬಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

'ನಮ್ಮವ್ವ ಬೀಡಿ ಮುಟ್ಟಿದಾಕಿ ಅಲ್ಲ, ಆಕಿಗೆ ಹ್ಯಾಂಗ ಬರ್ತೈತಿ?' ಎಂಬುದು ಇನ್ನೊಂದು. ತಂಬಾಕಿನ ಹೊಗೆಯೇ ಈ ರೋಗದ ಮೊದಲ ಕಾರಣ, ಅದರಲ್ಲಿ ಅನುಮಾನವಿಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಸಿಗರೇಟಿಗಿಂತ ಬೀಡಿ ಸೌಮ್ಯ ಎನ್ನುವ ಮಾತೂ ಸುಳ್ಳು. ಆದರೆ ಎಂದೂ ಸೇದದವರಿಗೂ, ಅದರಲ್ಲೂ ಹೆಂಗಸರಿಗೆ, ಈ ಕ್ಯಾನ್ಸರ್ ಬರುತ್ತದೆ. ಮನೆಯವರು ಬಿಟ್ಟ ಹೊಗೆ, ವರ್ಷಗಟ್ಟಲೆ ಕಟ್ಟಿಗೆ ಒಲೆ ಊದಿದ್ದು, ಕಲ್ನಾರಿನ ಧೂಳು ಇವೆಲ್ಲ ಅಪಾಯವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನೂ ಕ್ಯಾನ್ಸರ್‌ಕಾರಕ ಎಂದು ಸಾರಿತು. ಸೇದುವವರು ಮಾತ್ರ ದಿನಕ್ಕೆ ಎಷ್ಟು, ಎಷ್ಟು ವರ್ಷ ಎಂಬುದನ್ನು ಡಾಕ್ಟರಿಂದ ಮುಚ್ಚಿಡಬಾರದು. ರೋಗ ಬಂದ ಮೇಲೆ ಬಿಟ್ಟರೂ ಲಾಭವಿದೆ: ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲವನ್ನೂ ದೇಹ ಚೆನ್ನಾಗಿ ತಡೆದುಕೊಳ್ಳುತ್ತದೆ.

ಹೆಚ್ಚು ಜೀವ ತಿಂದಿರುವ ನಂಬಿಕೆ ಎಂದು ನಾನು ಎಣಿಸುವುದು ಇದನ್ನು: 'ಸೂಜಿ ಚುಚ್ಚಿದ್ರ ಗಡ್ಡಿ ಒಡದು ಮೈಯೆಲ್ಲಾ ಹರಡ್ತೈತಿ.' ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದೇ ಬಯಾಪ್ಸಿ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿಯುವುದು ತೀರಾ ಅಪರೂಪ. ಬಯಾಪ್ಸಿ ಬೇಡವೆಂದು ಮನೆಗೆ ಹೋದವರಲ್ಲಿ ರೋಗ ಹರಡುವುದು ಚಿಕಿತ್ಸೆ ಇಲ್ಲದ್ದರಿಂದ, ಆದರೆ ಅಪವಾದ ಸೂಜಿಯ ತಲೆಗೆ. ಎದೆಯಲ್ಲಿ ನೀರು ತುಂಬಿ ಅದನ್ನು ತೆಗೆಸಿಕೊಂಡಿದ್ದರೆ, 'ಆ ನೀರನ್ನ ಕ್ಯಾನ್ಸರ್ ಕಣಕ್ಕ ಟೆಸ್ಟ್ ಮಾಡ್ಯಾರೇನ್ರಿ?' ಎಂದು ವಿಚಾರಿಸಿ. ಕೆಲವೊಮ್ಮೆ ಆ ನೀರಿನಲ್ಲೇ ಉತ್ತರ ಸಿಗುತ್ತದೆ.

ಬಯಾಪ್ಸಿಯ ನಂತರದ ಕತೆ ಅನೇಕರಿಗೆ ಗೊತ್ತಿಲ್ಲ. ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಸಣ್ಣ ಪ್ಲಾಸ್ಟಿಕ್ ಗೂಡಿಗೆ ಅಂಟಿಸಿ, ಅಂಚಿಗೆ ನಂಬರು ಬರೆದಿರುತ್ತಾರೆ. ಅದಕ್ಕೆ 'ಬ್ಲಾಕ್' ಎನ್ನುತ್ತಾರೆ. ಅದರಿಂದ ತೆಳುವಾಗಿ ಸೀಳಿದ ಪದರ ಗಾಜಿನ ಸ್ಲೈಡ್ ಮೇಲೆ ಬರುತ್ತದೆ. ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಎಕ್ಸ್‌ರೇ, ಸಿ.ಟಿ. ಫಿಲ್ಮು, ರಿಪೋರ್ಟು ಎಲ್ಲ ಕಟ್ಟಿಕೊಂಡು, ಬ್ಲಾಕ್ ಮಾತ್ರ ಇಲ್ಲಿನ ಲ್ಯಾಬಿನಲ್ಲೇ ಬಿಟ್ಟಿರುತ್ತಾರೆ. ಅಲ್ಲಿ ಮತ್ತೆ ಪರೀಕ್ಷೆ ಮಾಡಲು ಬೇಕಾಗುವುದು ಅದೇ. ಬ್ಲಾಕ್, ಸ್ಲೈಡ್, ಸಿ.ಟಿ.ಯ ಸಿ.ಡಿ. ಮೂರನ್ನೂ ಕೇಳಿ ಪಡೆಯಿರಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳಿದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದರಲ್ಲೂ ಅವಮಾನವಿಲ್ಲ.

ಆ ಬ್ಲಾಕ್ ಯಾಕಿಷ್ಟು ಮುಖ್ಯ? 'ಶ್ವಾಸಕೋಶದ ಕ್ಯಾನ್ಸರ್' ಒಂದೇ ರೋಗವಲ್ಲ. ಸುಮಾರು 85 ಪ್ರತಿಶತ ರೋಗಿಗಳದು 'ನಾನ್ ಸ್ಮಾಲ್ ಸೆಲ್' ಬಗೆ. ಅದರಲ್ಲಿ ಅಡಿನೋಕಾರ್ಸಿನೋಮಾ ಎಂಬ ಜಾತಿಯಿದ್ದರೆ, ಭಾರತೀಯ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇರುತ್ತದೆ. ಅಂಥವರಿಗೆ ದಿನಕ್ಕೊಂದು ಗುಳಿಗೆಯೇ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. 'ಹಂಗಾದ್ರ ಎಲ್ಲಾರಿಗೂ ಗುಳಿಗೀನ ಕೊಡ್ರಲ್ಲ' ಎನ್ನುವಂತಿಲ್ಲ. ಪೂರ್ವ ಏಷ್ಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಆ ಬದಲಾವಣೆ ಇಲ್ಲದವರಿಗೆ ಅದೇ ಗುಳಿಗೆ ಕೀಮೋಗಿಂತ ಕಡಿಮೆ ಫಲ ಕೊಟ್ಟಿತು. ಆದ್ದರಿಂದ ಮೊದಲ ಕೀಮೋಗೆ ಮುನ್ನ ಕೇಳಿ: ಯಾವ ಜಾತಿಯ ಕ್ಯಾನ್ಸರ್? ಯಾವ ಸ್ಟೇಜ್? ಇಜಿಎಫ್‌ಆರ್, ಎಎಲ್‌ಕೆ ಜೀನ್ ಟೆಸ್ಟ್ ಆಗಿದೆಯೇ? ಚಿಕಿತ್ಸೆಯ ಗುರಿ ಪೂರ್ತಿ ಗುಣವೋ, ರೋಗದ ಹತೋಟಿಯೋ?

'ಕರೆಂಟ್ ಕೊಡ್ತಾರ' ಎಂದೊಡನೆ ಹೆದರಿ ಎದ್ದು ಹೋಗುವವರಿದ್ದಾರೆ. ರೇಡಿಯೇಷನ್‌ಗೂ ವಿದ್ಯುತ್ ಶಾಕ್‌ಗೂ ಸಂಬಂಧವಿಲ್ಲ. ಎಕ್ಸ್‌ರೇ ತೆಗೆಯುವಾಗಿನಂತೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ.

ಖರ್ಚಿನ ಪ್ರಶ್ನೆಯನ್ನು ನಾಚಿಕೆಯಿಂದ ನುಂಗಬೇಡಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪ್ರತಿಶತ ಸಿಗುತ್ತದೆ. ಹಣ ಕಟ್ಟುವ ಮೊದಲೇ ಕಾರ್ಡ್ ತೋರಿಸಿ. ಜೀನ್ ಟೆಸ್ಟ್ ಮತ್ತು ಗುಳಿಗೆ ಅದರಲ್ಲಿ ಬರುತ್ತವೆಯೇ, ಹುಬ್ಬಳ್ಳಿ ವಿದ್ಯಾನಗರದ, ಹಿಂದೆ ಕಿಮ್ಸ್ ಎನ್ನುತ್ತಿದ್ದ ಕೆಎಂಸಿಆರ್‌ಐ‌ನಂಥ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ವಿಚಾರಿಸಿ.

'ನಾಲ್ಕನೇ ಸ್ಟೇಜ್ ಅಂದ್ರ ಮುಗೀತು' ಎಂಬ ಮಾತೂ ಪೂರ್ತಿ ನಿಜವಲ್ಲ. ಪೂರ್ತಿ ಗುಣವಾಗುವುದು ಕಷ್ಟ, ಆದರೆ ಸರಿಯಾದ ಔಷಧಿಯಿಂದ ಹಲವರು ವರ್ಷಗಳ ಕಾಲ ಬದುಕುತ್ತಾರೆ. ನೋವು, ಉಬ್ಬಸ ತಗ್ಗಿಸುವ ಉಪಶಮನ ಚಿಕಿತ್ಸೆ ಸಾವಿನ ಬಾಗಿಲಲ್ಲಿ ಕೊಡುವಂಥದ್ದೂ ಅಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ಮೊದಲಿನಿಂದಲೇ ಪಡೆದವರು 11.6 ತಿಂಗಳು, ಉಳಿದವರು 8.9 ತಿಂಗಳು ಬದುಕಿದರು. ಇದು ಮಧ್ಯಾಂಕದ ಲೆಕ್ಕ, ಅಂದರೆ ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಕಾಲ ಬದುಕಿದರು. 'ನೋವಿನ ಡಾಕ್ಟರನ್ನ ಈಗಲೇ ಕಾಣಬಹುದೇ?' ಎಂದು ಕೇಳಲು ಹಿಂಜರಿಯಬೇಡಿ.

ಕೊನೆಯದು ಮನೆಯವರಿಗೆ. 'ಅಪ್ಪಾರಿಗೆ ಹೇಳಬ್ಯಾಡ್ರಿ, ಎದಿ ಒಡಕೊಂತಾರ' ಎಂದು ಬಾಗಿಲಾಚೆಯೇ ಡಾಕ್ಟರಿಗೆ ಸನ್ನೆ ಮಾಡುವ ಮಕ್ಕಳ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಕೂದಲು ಉದುರುವುದು, ವಾಂತಿ, ಸೂಜಿ ಎಲ್ಲ ಅನುಭವಿಸುವುದು ಅವರ ಮೈ. ಬಹಳಷ್ಟು ಜನಕ್ಕೆ ಯಾರೂ ಹೇಳದೆಯೇ ಅರಿವಾಗಿರುತ್ತದೆ, ಮಾತಾಡಲು ಮಾತ್ರ ಯಾರೂ ಇರುವುದಿಲ್ಲ. ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳಿ. ಮುಂದಿನ ಸಲ ಡಾಕ್ಟರ ಕೋಣೆಗೆ ಹೋಗುವಾಗ ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ.